‘ಬಳಪ’ ಶಬ್ದದ ಅರ್ಥವ್ಯಾಪ್ತಿ

ಬರವಣಿಗೆಯ ಸಾಧನಗಳ ಹೆಸರುಗಳಲ್ಲಿ ಕೆಲವು ಕ್ರಿಯೆಯಿಂದಲೂ ಕೆಲವು ವಸ್ತುವಿನಿಂದಲೂ ಹುಟ್ಟಿವೆ. ‘ಲೇಖನಿ’ ಮೊದಲನೆಯ ವರ್ಗಕ್ಕೆ ಸೇರುತ್ತದೆ. ಅದರ ಧಾತು ‘ಲಿಖ್’, ಮೂಲಾರ್ಥ ಗೀರುವುದು. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರ ಕೊರೆಯುತ್ತಿದ್ದ ಪದ್ಧತಿಗೆ ಈ ಅರ್ಥ ಚೆನ್ನಾಗಿ ಹೊಂದುತ್ತದೆ. ‘ಬಳಪ’ ಎರಡನೆಯ ವರ್ಗದ್ದು; ಅದು ಕಲ್ಲಿನ ಹೆಸರು.

ಈ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್‌ನ ಗಡಸುತನ ಮೋಸ್ ಮಾಪಕದಲ್ಲಿ 1, ಎಂದರೆ ಉಗುರಿನಿಂದಲೂ ಗೀರಬಹುದಾದಷ್ಟು ಮೃದು. ಒರಟಾದ ಮೈಮೇಲೆ ಎಳೆದರೆ ತಾನೇ ಸವೆದು ಬಿಳಿಯ ಗೆರೆಯನ್ನು ಉಳಿಸುತ್ತದೆ. ಕಲ್ಲಿನ ಹೆಸರು ಬರೆಯುವ ಕಡ್ಡಿಗೆ ಸಂದುದಕ್ಕೆ ಈ ಗುಣವೇ ಕಾರಣ. ತೆಲುಗಿನ ‘ಬಲಪಮು’ ಕೂಡ ಕಲ್ಲು, ಕಡ್ಡಿ ಎರಡನ್ನೂ ಸೂಚಿಸುತ್ತದೆ. ತಮಿಳಿನ ‘ಪಲಪ್ಪಂ’ ಎಂದರೆ ಸ್ಲೇಟಿನ ಕಡ್ಡಿ. ಆದುದರಿಂದ ಇದು ನೆರೆಹೊರೆಯ ಭಾಷೆಗಳು ಹಂಚಿಕೊಂಡ ಶಬ್ದ.

ಜನಬಳಕೆಯಲ್ಲಿ ಬಳಪದ ಕಲ್ಲಿನ ವ್ಯಾಪ್ತಿ ದೊಡ್ಡದು. 1117ರ ಬೇಲೂರಿನ ಚೆನ್ನಕೇಶವ ದೇವಾಲಯವೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ ಬಳಪದ ಕಲ್ಲಿನವೆಂದೇ ಪ್ರಸಿದ್ಧವಾಗಿವೆ. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಗ್ಗುವ ಈ ಶಿಲೆ ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಅಡುಗೆಮನೆಯಲ್ಲಿಯೂ ಬಳಪದ ಕಲ್ಲಿನ ಪಾತ್ರೆಗಳಿಗೆ ಸ್ಥಾನವಿತ್ತು. ಅವು ನಿಧಾನವಾಗಿ ಕಾಯ್ದು ಬಹಳ ಹೊತ್ತು ಬಿಸಿಯನ್ನು ಹಿಡಿದಿಡುತ್ತವೆ, ಹುಳಿಗೂ ಕೆಡುವುದಿಲ್ಲ.

ಬರವಣಿಗೆಯಲ್ಲಿ ಬಳಪದ ಹಳೆಯ ಜೊತೆಗಾರ ‘ಕಡತ’. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ ಸಿದ್ಧವಾಗುತ್ತಿತ್ತು. ಆ ಕಪ್ಪು ಮೈಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಕಂಟದಿಂದ ಕೊರೆದುದನ್ನು ಅಳಿಸಲಾಗದು. ಬಳಪದಿಂದ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದು. ದಿನನಿತ್ಯದ ವ್ಯವಹಾರಕ್ಕೆ ಬೇಕಾದುದು ಈ ಸೌಲಭ್ಯವೇ. ಹಾಗಿದ್ದೂ ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳು ಇಂದು ಚರಿತ್ರೆಯ ಆಕರಗಳಾಗಿವೆ.

ಕಾಗದ ಬಂದ ಮೇಲೆ ಈ ಜೋಡಿ ಅಗಲಿತು. ಕಡತ ಎಂಬ ಹೆಸರು ಕಚೇರಿಯ ದಾಖಲೆಗೆ ಅಂಟಿಕೊಂಡು ಅಧಿಕಾರದ ಶಬ್ದವಾಯಿತು. ಬಳಪವಾದರೋ ಸ್ಲೇಟಿನೊಡನೆ ಅಕ್ಷರ ಕಲಿಯುವ ಮಗುವಿನ ಕೈಸೇರಿತು. ಒಂದೇ ಬರವಣಿಗೆಯ ಎರಡು ಅಂಗಗಳಾಗಿದ್ದ ಶಬ್ದಗಳ ನಡುವಿನ ನಂಟು ಇಂದು ಬಹುತೇಕ ಮರೆವಿಗೆ ಸಂದಿದೆ.

ಸ್ಲೇಟು ಹಿಂದೆ ಸರಿಯುತ್ತಿರುವಾಗ ಬಳಪಕ್ಕೆ ‘ಸ್ಲೇಟಿನ ಕಡ್ಡಿ’ ಎಂದಷ್ಟೇ ಅರ್ಥ ಬರೆದರೆ ವಸ್ತುವಿನೊಡನೆ ಶಬ್ದವೂ ಹೋಗುತ್ತದೆ. ಶಿಲ್ಪಿ, ಗೃಹಿಣಿ, ಲೆಕ್ಕಿಗ, ವಿದ್ಯಾರ್ಥಿ ಇವರೆಲ್ಲರ ಕೈಕೆಲಸವನ್ನು ಹೊತ್ತಿರುವ ಈ ಶಬ್ದವನ್ನು ಬಳಕೆದಾರರ ಬಾಯಿಂದಲೇ, ಅದರ ಎಲ್ಲ ಅರ್ಥಗಳೊಡನೆ ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಕೆಲಸವಾಗಿದೆ.