‘ನಾನ್ಯಾರು ಹೇಳು ನೋಡೋಣ’ ಅನ್ನಬೇಡಿ

ನನ್ನ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ವಾರ ನಮ್ಮ ಜಗಲಿ ಖಾಲಿಯಾದದ್ದೇ ಇಲ್ಲ. ಬಂದವರೆಲ್ಲ ಹಣ್ಣಿನ ಚೀಲ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಅವನೆದುರು ಕೂತು ಕೇಳುತ್ತಿದ್ದದ್ದು ಒಂದೇ ಮಾತು: ‘ನಾನ್ಯಾರು ಹೇಳು ನೋಡೋಣ?’ ಅವನು ತಡಕಾಡುತ್ತಿದ್ದ. ಒಮ್ಮೆ ಸೋದರತ್ತೆಯನ್ನು ದೊಡ್ಡಮ್ಮನ ಹೆಸರಿನಿಂದ ಕರೆದ. ಎಷ್ಟು ತಿದ್ದಿದರೂ ಆಮೇಲೆ ತಿಂಗಳುಗಟ್ಟಲೆ ಅದೇ ತಪ್ಪು ಹೆಸರು ಬಾಯಿಗೆ ಬರುತ್ತಿತ್ತು.

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಹದಿನೇಳು ದಿನ ಐಸಿಯುನಲ್ಲಿದ್ದವನು ಅವನು. ಹೀಗೆ ಕೇಳಿ ಕೇಳಿ ನೆನಪನ್ನು ಎಬ್ಬಿಸಬಹುದು ಅಂತ ನಾವೂ ನಂಬಿದ್ದೆವು. ಆಗುವುದು ತದ್ವಿರುದ್ಧ. ನೆನಪಿನ ಶಕ್ತಿಗೇ ಪೆಟ್ಟಾದವರಿಗೆ ತಾವು ತಪ್ಪು ಹೇಳಿದ್ದು, ಯಾರೋ ತಿದ್ದಿದ್ದು ಮನಸ್ಸಿನಲ್ಲಿ ಉಳಿಯುವುದಿಲ್ಲ. ಬಾಯಿಂದ ಬಂದ ತಪ್ಪು ಉತ್ತರವೇ ರೂಢಿಯಾಗಿ ಕೂರುತ್ತದೆ. ಅದಕ್ಕೇ ಪುನಶ್ಚೇತನದ ತಜ್ಞರು ಇಂಥವರಿಂದ ಊಹೆ ಮಾಡಿಸುವುದಿಲ್ಲ, ಸರಿ ಉತ್ತರವನ್ನು ತಾವೇ ಮೊದಲು ಹೇಳಿಬಿಡುತ್ತಾರೆ. ‘ನಾನು ನಿನ್ನ ಸೋದರತ್ತೆ, ಸಾಗರದಿಂದ ಬಂದೆ’ ಅಂದರೆ ಸಾಕು. ಪರೀಕ್ಷೆ ಬೇಡ.

‘ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಇನ್ನೇನು?’

ಸಿ.ಟಿ. ಸ್ಕ್ಯಾನ್ ಇರುವುದು ಮುಖ್ಯವಾಗಿ ಜೀವ ಉಳಿಸುವ ನಿರ್ಧಾರಕ್ಕೆ. ರಕ್ತಸ್ರಾವ, ಬುರುಡೆಯ ಬಿರುಕು, ಬಾವು ಅದರಲ್ಲಿ ಕಾಣುತ್ತವೆ. ತಲೆ ರಭಸವಾಗಿ ತಿರುಚಿದಾಗ ಮಿದುಳಿನೊಳಗಿನ ಸಣ್ಣ ನರತಂತುಗಳು ಎಳೆದು ಹರಿಯುತ್ತವಲ್ಲ, ಅದು ಎಷ್ಟೋ ಸಲ ಕಾಣುವುದೇ ಇಲ್ಲ. ರಿಪೋರ್ಟ್ ಚೆನ್ನಾಗಿದ್ದೂ ಮನುಷ್ಯನಿಗೆ ಒಂದು ಪುಟ ಓದಲಾಗದೆ ಹೋಗಬಹುದು.

‘ಸೋಂಬೇರಿ ಆಗಿಬಿಟ್ಟಿದಾನೆ’

ಇದು ನಮ್ಮ ಮನೆಯಲ್ಲೇ ಹುಟ್ಟಿದ ಮಾತು. ಹೇಳಿದವಳು ನಾನು. ಬೆಳಿಗ್ಗೆ ಬ್ರಷ್ ಕೈಯಲ್ಲಿ ಹಿಡಿದು ಕನ್ನಡಿ ಮುಂದೆ ನಿಂತರೆ ಕಾಲು ಗಂಟೆಯಾದರೂ ಹಾಗೇ ನಿಂತಿರುತ್ತಿದ್ದ. ಹಲ್ಲುಜ್ಜುವುದು ಗೊತ್ತಿಲ್ಲ ಅಂತಲ್ಲ. ‘ಪೇಸ್ಟ್ ಹಾಕು’ ಅಂದ ತಕ್ಷಣ ಸರಸರ ಮುಗಿಸುತ್ತಿದ್ದ. ಒಂದು ಕೆಲಸವನ್ನು ಶುರು ಮಾಡುವುದೇ ಮಿದುಳಿನ ಮುಂಭಾಗದ ಒಂದು ಪ್ರತ್ಯೇಕ ಕೆಲಸ ಅಂತ ನನಗೆ ತಿಳಿದದ್ದು ಆಕ್ಯುಪೇಷನಲ್ ಥೆರಪಿಸ್ಟ್ ಹೇಳಿದ ಮೇಲೆ. ಆ ಭಾಗಕ್ಕೆ ಪೆಟ್ಟಾದರೆ ಆಸೆ, ತಿಳಿವಳಿಕೆ ಎರಡೂ ಇದ್ದು ಕೈ ಮಾತ್ರ ಮುಂದೆ ಹೋಗುವುದಿಲ್ಲ. ಕನ್ನಡಿಗೆ ಒಂದು ಚೀಟಿ ಅಂಟಿಸಿದೆವು: ಪೇಸ್ಟ್. ಹಲ್ಲು. ಮುಖ. ಟವೆಲ್. ಬೈಗುಳದಿಂದ ಆಗದ್ದು ಚೀಟಿಯಿಂದ ಆಯಿತು.

ದಣಿವೂ ಹಾಗೆಯೇ. ಮದುವೆಮನೆಯ ಗದ್ದಲದಲ್ಲಿ ಅರ್ಧ ಗಂಟೆ ಕೂತರೆ ಇವನು ಸಿಡಿಮಿಡಿಗೊಳ್ಳುತ್ತಾನೆ. ವಾಲಗ, ಮಾತು, ಬೆಳಕು ಎಲ್ಲವನ್ನೂ ಬೇರ್ಪಡಿಸಿ ಗ್ರಹಿಸುವುದೇ ಅವನ ಮಿದುಳಿಗೆ ದಿನವಿಡೀ ಗದ್ದೆ ಅಗೆದಷ್ಟು ದುಡಿಮೆ. ಅದನ್ನು ಅಹಂಕಾರ ಅಂದವರಿದ್ದಾರೆ. ‘ಮದುವೆ ಮಾಡಿ, ಸರಿಹೋಗ್ತಾನೆ’ ಅಂದವರೂ ಇದ್ದಾರೆ. ಗಾಯ ವಾಸಿಮಾಡಲು ಇನ್ನೊಬ್ಬರ ಮನೆಯ ಹುಡುಗಿಯನ್ನು ತರುವುದು ಇಬ್ಬರಿಗೂ ಅನ್ಯಾಯ.

‘ಬರೆದಿಟ್ಟುಕೊಂಡರೆ ಇದ್ದ ನೆನಪೂ ಹೋಗುತ್ತೆ’

ಇಲ್ಲ. ಕಾಲಿಗೆ ಬಲವಿಲ್ಲದವರಿಗೆ ಊರುಗೋಲು ಹೇಗೋ ನೆನಪು ಕುಂದಿದವರಿಗೆ ಜೇಬಿನ ಪುಸ್ತಕ, ಮೊಬೈಲ್ ಅಲಾರಂ, ಗೋಡೆಯ ಕ್ಯಾಲೆಂಡರ್ ಹಾಗೆ. ಕೀಲಿಕೈಗೆ ಒಂದೇ ಮೊಳೆ, ಮಾತ್ರೆಗೆ ವಾರದ ಡಬ್ಬಿ. ಕಲಿತದ್ದು ನೆನಪಿಲ್ಲದಿದ್ದರೂ ಅಭ್ಯಾಸ ಬಲಿಯುತ್ತದೆ, ಏಕೆಂದರೆ ‘ನಿನ್ನೆ ಏನಾಯಿತು’ ಎಂಬ ನೆನಪೂ ಕೈಗೆ ರೂಢಿಯಾಗುವ ನೆನಪೂ ಮಿದುಳಿನಲ್ಲಿ ಬೇರೆ ಬೇರೆ ದಾರಿಯವು. ನೆನಪಿಗೆ ಒಳ್ಳೆಯದೆಂದು ಅಮ್ಮ ತಪ್ಪದೆ ಮಾಡುವ ಒಂದೆಲಗದ ತಂಬುಳಿ ಊಟಕ್ಕೆ ಚೆಂದ. ಅದನ್ನು ನಂಬಿ ವೈದ್ಯರು ಕೊಟ್ಟ ಫಿಟ್ಸ್ ಮಾತ್ರೆ ಮಾತ್ರ ನಿಲ್ಲಿಸಬಾರದು.

‘ಆರು ತಿಂಗಳಲ್ಲಿ ಎಷ್ಟಾಯಿತೋ ಅಷ್ಟೇ’

ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿ ಆಗುತ್ತದೆ, ನಿಜ. ಆಮೇಲೆ ಬಾಗಿಲು ಮುಚ್ಚುತ್ತದೆ ಅನ್ನುವುದು ಸುಳ್ಳು. ಇದಕ್ಕೆ ವೈದ್ಯಪುಸ್ತಕಗಳ ಅತಿ ಪ್ರಸಿದ್ಧ ರೋಗಿಯೇ ಸಾಕ್ಷಿ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಾದಿಗೆ ಬಂಡೆ ಸಿಡಿಸುವಾಗ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ನೆತ್ತಿಗೆ ಮೂರೂವರೆ ಅಡಿ ಉದ್ದದ, ಆರು ಕೆ.ಜಿ. ತೂಕದ ಕಬ್ಬಿಣದ ಸಲಾಕೆ ತೂರಿಹೋಯಿತು. ಮನುಷ್ಯ ಬದುಕಿದ, ಸ್ವಭಾವ ಕೆಟ್ಟುಹೋಯಿತು ಅನ್ನುವಲ್ಲಿಗೆ ಎಷ್ಟೋ ಪಠ್ಯಗಳು ಕಥೆ ಮುಗಿಸುತ್ತವೆ. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿಕೊಂಡಿದ್ದನ್ನು ಹೇಳುವುದಿಲ್ಲ. ದಿನವೂ ಅದೇ ಹೊತ್ತಿಗೆ ಏಳುವುದು, ಅದೇ ಕುದುರೆ ಕಟ್ಟುವುದು, ಅದೇ ದಾರಿ: ಕಟ್ಟುನಿಟ್ಟಾದ ಆ ದಿನಚರಿಯೇ ಅವನನ್ನು ಮತ್ತೆ ಮನುಷ್ಯರ ನಡುವೆ ನಿಲ್ಲಿಸಿರಬೇಕು ಎಂದು ಅವನ ಬದುಕನ್ನು ಕೆದಕಿದವರು ಹೇಳುತ್ತಾರೆ. ನನಗೆ ಅದನ್ನು ಓದಿದ ದಿನ ನಿದ್ದೆ ಬರಲಿಲ್ಲ, ಸಂತೋಷಕ್ಕೆ.

‘ಮಾತು ಹೋಯಿತು ಅಂದರೆ ಬುದ್ಧಿಯೂ ಹೋಯಿತು’

ಲಕ್ವ ಹೊಡೆದು ಮಾತು ನಿಂತವರ ವಿಷಯದಲ್ಲಿ ಇದನ್ನು ಹೆಚ್ಚು ಕೇಳುತ್ತೇವೆ. ಹೇಳಬೇಕಾದದ್ದು ಒಳಗಿದ್ದೂ ಪದ ಸಿಗದಿರುವುದು ಅಫೇಸಿಯಾ. ಅವರೆದುರೇ ಅವರ ಬಗ್ಗೆ ಮಾತಾಡಬೇಡಿ, ಅವರಿಗೆ ಅರ್ಥವಾಗುತ್ತಿರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆಯಿದೆ.

‘ಕೈಕಾಲು ನೆಟ್ಟಗಿದೆಯಲ್ಲ, ಇವನಿಗ್ಯಾವ ಅಂಗವಿಕಲರ ಕಾರ್ಡು?’

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹಿಂದಿನ ಕಾಯ್ದೆಯ 7 ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ‘ಮಿದುಳಿನ ಪೆಟ್ಟು’ ಎಂಬ ಹೆಸರು ಅದರಲ್ಲಿ ಇಲ್ಲ, ಹಾಗಾಗಿ ಬಹಳ ಜನ ಕೌಂಟರಿನಿಂದಲೇ ವಾಪಸಾಗುತ್ತಾರೆ. ಕಾಯ್ದೆ ನೋಡುವುದು ಪೆಟ್ಟನ್ನಲ್ಲ, ಅದು ಉಳಿಸಿಹೋದ ತೊಂದರೆಯನ್ನು. ನಡಿಗೆಗೆ ತೊಂದರೆಯಾದರೆ ಚಲನವೈಕಲ್ಯ. ಅಫೇಸಿಯಾವನ್ನು ವಾಕ್ ಮತ್ತು ಭಾಷಾ ವೈಕಲ್ಯದ ವ್ಯಾಖ್ಯೆಯಲ್ಲೇ ಹೆಸರಿಸಿದೆ. ಯೋಚನೆ, ನೆನಪು ತೀವ್ರವಾಗಿ ಕೆಟ್ಟು ವಿವೇಚನೆಗೆ ಅಡ್ಡಿಯಾದದ್ದು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಬರುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ಈ ಕಾರ್ಡಿನ (ಯುಡಿಐಡಿ) ಅರ್ಜಿಗೆ ದಾರಿ ತೋರಿಸಲು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯೂ.), ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂ.ಆರ್.ಡಬ್ಲ್ಯೂ.) ಇರುತ್ತಾರೆ.

‘ಇನ್ನು ಕೆಲಸಕ್ಕೆ ರಾಜೀನಾಮೆ ಕೊಡಿಸಿಬಿಡಿ’

ನನ್ನ ತಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ). ಮರ್ಯಾದೆಯಿಂದ ಬಿಡಿಸಿಕೊಳ್ಳಿ ಅಂತ ಅಲ್ಲಿಂದ ಹೇಳಿ ಕಳಿಸಿದಾಗ ಅಪ್ಪ ರಾಜೀನಾಮೆ ಪತ್ರ ಬರೆಸಿಯೂ ಆಗಿತ್ತು, ಸಹಿಯೊಂದು ಬಾಕಿ. ಅದೇ ಕಾಯ್ದೆಯ ಕಲಂ 20(4) ನಮ್ಮನ್ನು ಉಳಿಸಿತು. ಸೇವೆಯಲ್ಲಿದ್ದಾಗ ವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ. ಅದೂ ಇಲ್ಲದಿದ್ದರೆ ಹೊಂದುವ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬಹುದು. ಖಾಸಗಿ ನೌಕರರಿಗೆ ಈ ರಕ್ಷಣೆ ಇಲ್ಲದಿರುವುದು ದೊಡ್ಡ ಕೊರತೆ, ಅದನ್ನು ಕೇಳಲೇಬೇಕು.

ಅಪಘಾತ ಪರಿಹಾರದ ವಿಷಯದಲ್ಲೂ ವೈದ್ಯರು ಬರೆದ ವೈಕಲ್ಯದ ಶೇಕಡಾವಾರೇ ಅಂತಿಮವಲ್ಲ. ಆ ವ್ಯಕ್ತಿಯ ದುಡಿಮೆಗೆ ಎಷ್ಟು ಪೆಟ್ಟಾಯಿತು ಅನ್ನುವುದನ್ನು ಬೇರೆಯಾಗಿ ಲೆಕ್ಕಹಾಕಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಹನ್ನೆರಡು ವರ್ಷಕ್ಕೇ ತಲೆಗೆ ಪೆಟ್ಟಾದ ಬಾಲಕಿಯೊಬ್ಬಳ ಪ್ರಕರಣದಲ್ಲಿ 2020ರಲ್ಲಿ ಅದೇ ನ್ಯಾಯಾಲಯ ಇಬ್ಬರು ಸಹಾಯಕರ ಖರ್ಚನ್ನೂ ದೀರ್ಘಾವಧಿಗೆ ಲೆಕ್ಕಹಾಕಿ ಕೊಟ್ಟಿತು.

ವೈದ್ಯರ ಮುಂದೆ ಹತ್ತು ನಿಮಿಷ ಕೂತರೆ ನನ್ನ ತಮ್ಮ ನಕ್ಕು ‘ಆರಾಮಿದೀನಿ ಸಾರ್’ ಅನ್ನುತ್ತಾನೆ. ಸುಳ್ಳಲ್ಲ, ಅವನಿಗೆ ತನ್ನ ಕೊರತೆ ಕಾಣುವುದಿಲ್ಲ. ಅದೂ ಗಾಯದ ಭಾಗವೇ. ಹಾಗಾಗಿ ವೈಕಲ್ಯದ ಸರ್ಟಿಫಿಕೇಟಿಗೆ ಹೋಗುವ ಮುಂಚೆ ಎರಡು ವಾರ ನಡೆದದ್ದನ್ನು ನಡೆದ ಹಾಗೆ ಒಂದು ಪುಸ್ತಕದಲ್ಲಿ ಬರೆದೆ. ‘ಸೋಮವಾರ: ಹಾಲು ಉಕ್ಕಿ ಸ್ಟೌ ಆರಿದ್ದು ತಿಳಿಯಲಿಲ್ಲ. ಬುಧವಾರ: ಅಂಗಡಿಗೆ ಹೋಗಿ ಬರಿಗೈಲಿ ಬಂದ, ಎರಡು ಸಲ. ಗುರುವಾರ: ಅದೇ ಪ್ರಶ್ನೆ ಹನ್ನೊಂದು ಸಲ.’ ವೈದ್ಯರು ಪುಟ ತಿರುವಿ ತಿರುವಿ ಓದಿದರು. ಆಮೇಲೆ ಕುರ್ಚಿ ಅವನ ಕಡೆ ತಿರುಗಿಸಿಕೊಂಡು, ಮೊದಲಿಗಿಂತ ನಿಧಾನವಾಗಿ, ಒಂದೊಂದೇ ಪ್ರಶ್ನೆ ಕೇಳಲು ಶುರುಮಾಡಿದರು.

ಈಗ ಅವನು ಅದೇ ಕಚೇರಿಯ ಟಪಾಲು ವಿಭಾಗದಲ್ಲಿದ್ದಾನೆ. ಒಂದು ಕಾಗದ, ಒಂದು ಸಾಲು, ಒಂದು ಕ್ರಮಸಂಖ್ಯೆ. ಮಧ್ಯಾಹ್ನ ಊಟವಾದ ಮೇಲೆ ಇಪ್ಪತ್ತು ನಿಮಿಷ ರೆಕಾರ್ಡ್ ರೂಮಿನಲ್ಲಿ ಕಣ್ಣುಮುಚ್ಚಿ ಕೂರುತ್ತಾನೆ, ಅಲಾರಂ ಇಟ್ಟುಕೊಂಡು.