ಹಬೆ ಆರುವ ಮುನ್ನ

ಊಟದ ಚಿತ್ರ ತೆಗೆಯುವ ಕೆಲಸಕ್ಕೆ ಹೆಚ್ಚುಕಡಿಮೆ ಕ್ಯಾಮೆರಾದಷ್ಟೇ ವಯಸ್ಸಾಗಿದೆ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1844ರಿಂದ 1846ರವರೆಗೆ ಕಂತುಕಂತಾಗಿ ಹೊರತಂದ ‘ದಿ ಪೆನ್ಸಿಲ್ ಆಫ್ ನೇಚರ್’ ಪುಸ್ತಕದಲ್ಲೇ ಹಣ್ಣಿನ ಬುಟ್ಟಿಗಳ ಚಿತ್ರವೊಂದಿದೆ. ಮುಂದೆ ಜಾಹೀರಾತು ಬೆಳೆಯಿತು, ಅದರ ಬೆನ್ನಿಗೆ ಕೈಚಳಕವೂ ಬಂತು. ದೀಪದ ಕಾವಿಗೆ ಐಸ್‌ಕ್ರೀಂ ಕರಗುತ್ತದೆಂದು ಹಿಸುಕಿದ ಆಲೂಗಡ್ಡೆ, ಇಬ್ಬನಿಯ ಬದಲು ಗ್ಲಿಸರಿನ್ ಹನಿ. ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿ ಹಾಕಿ, ಸೂಪಿನೊಳಗಿನ ತರಕಾರಿ ಚೂರು ಮೇಲೆ ಕಾಣುವಂತೆ ಮಾಡಿದ್ದು 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ವರೆಗೆ ಹೋಯಿತು. ಭಾರತದಲ್ಲಿ ಈಗ ಆಹಾರದ ಜಾಹೀರಾತು ಗ್ರಾಹಕರನ್ನು ದಾರಿ ತಪ್ಪಿಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ಹೇಳುತ್ತವೆ. ಆದರೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಅಡುಗೆಗಳ ಚಿತ್ರ ತೆಗೆಯುವವರನ್ನು ಇಂಥ ಕೈಚಳಕದಿಂದ ದೂರ ಇಡುವುದು ನಿಯಮಕ್ಕಿಂತ ಹೆಚ್ಚಾಗಿ ಅಡುಗೆಯ ಗುಣವೇ. ಇಲ್ಲಿನ ಊಟ ಒಲೆಯಿಂದ ಇಳಿದ ಕೆಲವೇ ನಿಮಿಷಗಳಲ್ಲಿ ರೂಪ ಬದಲಿಸುತ್ತದೆ. ಆ ನಿಮಿಷಗಳನ್ನು ಅರಿತವರಿಗೆ ಗ್ಲಿಸರಿನ್ ಬೇಕಿಲ್ಲ, ಅರಿಯದವರಿಗೆ ಅದರಿಂದ ಉಪಯೋಗವೂ ಇಲ್ಲ.

ಈ ಸೀಮೆಗೆ ಕ್ಯಾಮೆರಾ ಹೊಸದಲ್ಲ. ಕಬಿನಿ ಹಿನ್ನೀರಿನ ಅಂಚಿಗೆ ಹುಲಿ, ಆನೆ, ಚಿರತೆ ಹುಡುಕಿಕೊಂಡು ಉದ್ದುದ್ದ ಲೆನ್ಸು ಹೊತ್ತವರು ವರ್ಷವಿಡೀ ಬರುತ್ತಾರೆ. ಜನಸಾಮಾನ್ಯರ ದಿನನಿತ್ಯದ ಬದುಕನ್ನು ಅಕ್ಕರೆಯಿಂದ ಸೆರೆಹಿಡಿದ ಟಿ.ಎಸ್. ಸತ್ಯನ್ (1923–2009) ಮೈಸೂರಿನವರೇ. ಅದೇ ಕಾಡಂಚಿನ ಅಡುಗೆಮನೆಗಳ ಕಡೆಗೆ ಮಾತ್ರ ಲೆನ್ಸು ತಿರುಗಿದ್ದು ಕಡಿಮೆ. ಈ ನಾಲ್ಕು ಪಟ್ಟಣಗಳ ಸ್ಟುಡಿಯೊಗಳು ಬದುಕುವುದು ಮದುವೆ, ನಾಮಕರಣ, ಗೃಹಪ್ರವೇಶಗಳಿಂದ. ಊಟದ ಚಿತ್ರ ಅವರಿಗೆ ಎಡೆಯಲ್ಲಿ ಸಿಗುವ ಕೆಲಸ. ಅದನ್ನೇ ಕಸುಬಾಗಿಸಿಕೊಂಡವರು ಹೆಚ್ಚಾಗಿ ಮೈಸೂರು, ಬೆಂಗಳೂರಿನಿಂದ ಬರುತ್ತಾರೆ. ಮನೆಬಾಗಿಲಿಗೆ ಊಟ ತಲುಪಿಸುವ ಮೊಬೈಲ್ ಆ್ಯಪ್‌ಗಳು ಬಂದಮೇಲೆ ಸಣ್ಣ ಹೋಟೆಲಿನವರಿಗೂ ತಿಂಡಿಯೊಂದಕ್ಕೆ ಒಂದು ಒಳ್ಳೆಯ ಚಿತ್ರ ಬೇಕಾಯಿತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ರಾಗಿಯ ಚಿತ್ರಗಳಿಗೂ ಬೇಡಿಕೆ ಬಂತು.

ರಾಗಿ ಎಂದರೆ ಮೊದಲು ಮುದ್ದೆ. ಛಾಯಾಗ್ರಾಹಕರ ಕೈ ಪಳಗಿದೆಯೇ ಎಂದು ನೋಡಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅದು ಕಡುಕಂದು, ಗುಂಡಗೆ, ನುಣುಪು. ಅಂಚಿಲ್ಲ, ಪದರವಿಲ್ಲ, ಬಣ್ಣಗಳ ಏರಿಳಿತವಿಲ್ಲ. ಎದುರಿನಿಂದ ಫ್ಲ್ಯಾಷ್ ಹೊಡೆದರೆ ಮಣ್ಣಿನ ಉಂಡೆಯಂತೆ ಕಾಣುತ್ತದೆ. ಅದರ ಮೇಲೆ ಕ್ಯಾಮೆರಾ ಇನ್ನೊಂದು ತಪ್ಪು ಲೆಕ್ಕ ಹಾಕುತ್ತದೆ. ಎದುರಿಗಿರುವ ದೃಶ್ಯ ಒಟ್ಟಾರೆ ಮಧ್ಯಮ ಬೂದು, ಬಿದ್ದ ಬೆಳಕಿನಲ್ಲಿ ಸುಮಾರು 18%ರಷ್ಟನ್ನು ಹಿಂತಿರುಗಿಸುವಂಥದ್ದು ಎಂದೇ ಅದರ ಅಳತೆ ನಡೆಯುತ್ತದೆ. ಹಾಗಾಗಿ ಕಪ್ಪಗಿನ ಮುದ್ದೆಯನ್ನು ಅದು ತಾನಾಗಿ ತಿಳಿಯಾಗಿಸಿ ಬಿಳಿಚಿಸುತ್ತದೆ, ಬೆಳ್ಳಗಿನ ಅಕ್ಕಿರೊಟ್ಟಿಯನ್ನು ಮಂಕಾಗಿಸುತ್ತದೆ. ಮುದ್ದೆಗೆ ಬೆಳಕು ಒಂದು ಹೆಜ್ಜೆ ತಗ್ಗಬೇಕು, ರೊಟ್ಟಿಗೆ ಒಂದು ಹೆಜ್ಜೆ ಏರಬೇಕು.

ಬೆಳಕಿನ ಲೆಕ್ಕ ಸರಿಹೋದ ಮೇಲೂ ಸಮಯದ ಲೆಕ್ಕ ಬಾಕಿ. ಕವೆಗೋಲಿನಲ್ಲಿ ಪಾತ್ರೆ ಅಮುಕಿ ಹಿಡಿದು, ಕೋಲಿನಲ್ಲಿ ಹಿಟ್ಟು ತೊಳಸಿ, ನೀರು ಸವರಿದ ಮಣೆಯ ಮೇಲೆ ಒದ್ದೆ ಕೈಯಲ್ಲಿ ಉರುಳಿಸಿ ಕಟ್ಟಿದ ಮುದ್ದೆಗೆ ಮೊದಲ ಕೆಲವು ನಿಮಿಷ ಒಂದು ತೇವದ ಹೊಳಪಿರುತ್ತದೆ. ಆಮೇಲೆ ಮೇಲ್ಮೈ ಒಣಗಿ ಸಿಪ್ಪೆ ಕಟ್ಟುತ್ತದೆ, ಸಣ್ಣ ಬಿರುಕು ಮೂಡುತ್ತದೆ. ಆದ್ದರಿಂದ ಅನುಭವಸ್ಥರು ಮೊದಲು ತಟ್ಟೆ, ಬಟ್ಟಲು, ಈರುಳ್ಳಿ, ಹಸಿಮೆಣಸಿನಕಾಯಿ ಎಲ್ಲವನ್ನೂ ಅಣಿಮಾಡಿ, ಮುದ್ದೆಯ ಜಾಗದಲ್ಲಿ ಅದೇ ಗಾತ್ರದ ಬೇರೆ ವಸ್ತುವನ್ನಿಟ್ಟು ಬೆಳಕು ಸರಿಹೊಂದಿಸಿಕೊಂಡಿರುತ್ತಾರೆ. ಮುದ್ದೆ ಬಂದು ಕೂತ ಕೂಡಲೇ ಬಟ್ಟಲಿಗೆ ಸಾರು ಹುಯ್ಯಬೇಕು. ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು, ನಾಟಿಕೋಳಿ ಸಾರು, ಯಾವುದಾದರೂ ಸರಿ. ಹಿಂದಿನಿಂದ ಓರೆಯಾಗಿ ಬಿದ್ದ ಬೆಳಕು ಸಾರಿನ ಮೇಲೆ ತೇಲುವ ಎಣ್ಣೆಯ ಕಣ್ಣುಗಳನ್ನು ಮಿನುಗಿಸುತ್ತದೆ, ಮುದ್ದೆಯ ದುಂಡಗಿನ ಅಂಚಿಗೆ ಒಂದು ಗೆರೆ ಎಳೆಯುತ್ತದೆ. ಹಬೆ ಕಾಣಬೇಕಾದರೂ ಇದೇ ಉಪಾಯ: ಹಿಂದಿನಿಂದ ಬೆಳಕು, ಅದರ ಹಿಂದೆ ಕಪ್ಪು. ಬೆಳ್ಳನೆಯ ಗೋಡೆಯ ಮುಂದೆ ಎಷ್ಟೇ ಹಬೆಯಾಡಿದರೂ ಚಿತ್ರಕ್ಕೆ ಸಿಗುವುದಿಲ್ಲ.

ಇಂಥ ಬೆಳಕಿಗೆ ಸ್ಟುಡಿಯೊ ಕಟ್ಟಬೇಕಾಗಿಲ್ಲ, ಈ ಭಾಗದ ಹಳೆಯ ಮನೆಗಳೇ ಸಾಕು. ತೊಟ್ಟಿಮನೆಯ ನಡುವಿನ ಅಂಗಳಕ್ಕೆ ಮೇಲಿನಿಂದ ಇಳಿಯುವ ಬೆಳಕು ಸುತ್ತಲಿನ ಜಗಲಿಯ ಮೇಲೆ ಮೆತ್ತಗೆ ಹರಡುತ್ತದೆ. ಸಾವಿರಾರು ರೂಪಾಯಿಯ ಸಾಫ್ಟ್‌ಬಾಕ್ಸ್ ಮಾಡುವುದೂ ಇಷ್ಟನ್ನೇ. ಹೆಂಚಿನ ಅಡುಗೆಮನೆಯಲ್ಲಾದರೆ ಬೆಳಕಿಂಡಿಯೋ ನಡುವೆ ಕೂರಿಸಿದ ಗಾಜಿನ ಹೆಂಚೋ ಇರುತ್ತದೆ. ಸೌದೆ ಒಲೆಯ ಹೊಗೆಯ ನಡುವೆ ಅದರಿಂದ ಕೋಲಿನಂತೆ ಇಳಿಯುವ ಬಿಸಿಲು ಬೆಳಗಿನ ಸ್ವಲ್ಪ ಹೊತ್ತು ಮಾತ್ರ ಒಲೆಯ ಬಳಿ ನಿಲ್ಲುತ್ತದೆ. ಆ ಹೊತ್ತಿಗೂ ಅಡುಗೆಯ ಹೊತ್ತಿಗೂ ತಾಳೆಯಾಗುವಂತೆ ಮನೆಯವರೊಂದಿಗೆ ಹಿಂದಿನ ದಿನವೇ ಮಾತಾಡಿಕೊಂಡಿರಬೇಕು. ಆರ್‌ಸಿಸಿ ಮನೆಗಳಲ್ಲಿ ಕಷ್ಟ ಹೆಚ್ಚು. ಕಿಟಕಿಯಿಂದ ಬರುವ ಹಗಲ ಬೆಳಕು ಸುಮಾರು 5,500 ಕೆಲ್ವಿನ್ ಬಣ್ಣದ್ದು, ಹಳೆಯ ಬಲ್ಬಿನದು 3,000ದ ಆಸುಪಾಸಿನದು, ಟ್ಯೂಬ್‌ಲೈಟು ಹಸಿರು ಚೆಲ್ಲುತ್ತದೆ. ಮೂರೂ ಬೆರೆತರೆ ಅನ್ನ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ದೀಪಗಳನ್ನು ಆರಿಸಿ, ಕಿಟಕಿಯ ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸುವುದೇ ಸರಿಯಾದ ದಾರಿ.

ಕೆ.ಆರ್. ನಗರದ ಕಡೆ ಹೋದರೆ ಬಣ್ಣವೇ ಬದಲಾಗುತ್ತದೆ. ಕಾವೇರಿಯ ನಾಲೆಗಳ ನೀರುಂಡ ಈ ನೆಲಕ್ಕೆ ಭತ್ತದ ಕಣಜವೆಂಬ ಹೆಸರಿದೆ. ಅಕ್ಕಿರೊಟ್ಟಿ, ಕಡುಬು, ಕಾಯಿಹಾಲಿನ ಜೊತೆಗಿನ ಒತ್ತುಶಾವಿಗೆ, ಎಲ್ಲವೂ ಬಿಳುಪಿನ ಮೇಲೆ ಬಿಳುಪು. ಶಾವಿಗೆಯ ಎಳೆ ಎಳೆ ಬಿಡಿಸಿ ಕಾಣಲು ಬೆಳಕು ಪಕ್ಕದಿಂದ ಬರಬೇಕು, ನೆರಳಿನ ಬದಿಗೆ ಕಪ್ಪು ಹಾಳೆ ಹಿಡಿಯಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ ನೆರೆಯುವ ಚುಂಚನಕಟ್ಟೆ ಜಾತ್ರೆ ರಾಸುಗಳಿಗೆ ಹೆಸರಾದದ್ದು. ಎತ್ತುಗಳ ಮಗ್ಗುಲಲ್ಲೇ ಮೂರು ಕಲ್ಲಿನ ಒಲೆ ಹೂಡಿ ಬೇಯಿಸುವ ರೈತರ ಅಡುಗೆ, ಕಡ್ಲೆಪುರಿ–ಬತ್ತಾಸಿನ ರಾಶಿಗಳು ಜಾತ್ರೆಯ ನಿಜವಾದ ಊಟದ ಚಿತ್ರಗಳು. ಅಲ್ಲಿ ಯಾರನ್ನೂ ಕಾಯಿಸುವಂತಿಲ್ಲ, ತಟ್ಟೆ ಸರಿಸುವಂತಿಲ್ಲ. 50 ಎಂ.ಎಂ. ಲೆನ್ಸು ಹಾಕಿಕೊಂಡು ಹತ್ತಿರ ಕೂತು, ಕೊಟ್ಟದ್ದನ್ನು ಉಂಡು, ನಡುವೆ ಸಿಕ್ಕಷ್ಟು ತೆಗೆಯಬೇಕು.

ಅದೇ ಚಳಿಗಾಲ ಅವರೆಕಾಯಿಯ ಕಾಲ. ಹುಣಸೂರಿನ ಸಂತೆಯಲ್ಲಿ ಇಬ್ಬನಿ ಬಿದ್ದ ಕಾಯಿಯನ್ನು ಕೊಳ್ಳುವವರು ಮೊದಲು ಮೂಗಿನ ಹತ್ತಿರ ಹಿಡಿಯುತ್ತಾರೆ. ಸೊಗಡನ್ನು ಚಿತ್ರದಲ್ಲಿ ಹಿಡಿಯಲಾಗದು. ಅದು ಬೆರಳಿಗೆ ಅಂಟುವ ಜಿಗುಟನ್ನು ಹಿಡಿಯಬಹುದು. ನೆನೆದ ಕಾಳು ಎರಡು ಬೆರಳ ನಡುವಿನಿಂದ ಸಿಪ್ಪೆ ಬಿಟ್ಟು ಚಿಮ್ಮುವ ಗಳಿಗೆಯನ್ನು ಸೆಕೆಂಡಿನ ಐನೂರನೇ ಒಂದು ಭಾಗದ ಶಟರ್ ವೇಗ ನಿಲ್ಲಿಸುತ್ತದೆ. ಹಿತಕಿದಬೇಳೆ ಸಾರಿನ ಬಟ್ಟಲಿಗಿಂತ ಮನೆಮಂದಿಯೆಲ್ಲ ಮೊರದ ಸುತ್ತ ಕೂತು ಹಿತಕುವ ಆ ಕೈಗಳ ಚಿತ್ರವೇ ಆ ಸಾರಿನ ರುಚಿಯನ್ನು ಹೆಚ್ಚು ಹೇಳುತ್ತದೆ.

ಮೈಸೂರು–ಮಡಿಕೇರಿ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಹಾದು ಹೋಗುವುದರಿಂದ ಹೋಟೆಲುಗಳ ಕೆಲಸವೂ ಈ ದಾರಿಯಲ್ಲೇ ಹೆಚ್ಚು. ಮೆನು ಚಿತ್ರೀಕರಣ ಬೆಳಗಿನ ತಿಂಡಿಯ ಗದ್ದಲ ಮುಗಿದು ಮಧ್ಯಾಹ್ನದ ಊಟ ಶುರುವಾಗುವ ನಡುವಿನ ಬಿಡುವಿನಲ್ಲಿ ನಡೆಯುತ್ತದೆ. ದೋಸೆ ಮೊದಲು, ಅದು ಬೇಗ ಮೆತ್ತಗಾಗುತ್ತದೆ. ಪಲಾವ್ ಕೊನೆಗೆ, ಅದು ಕಾಯುತ್ತದೆ. ಬಾಳೆ ಎಲೆಯ ಊಟವನ್ನು ನೆತ್ತಿಯಿಂದಲೇ ತೆಗೆಯಬೇಕು, ಎಲೆಯ ಕುಡಿ ಉಣ್ಣುವವರ ಎಡಕ್ಕಿರಬೇಕು. ಪುಟ ವಿನ್ಯಾಸದವರು ಚಿತ್ರವನ್ನು ಎಡಬಲ ತಿರುಗಿಸಿದರೆ ಊರಿನ ಪ್ರತಿಯೊಬ್ಬರಿಗೂ ತಪ್ಪು ಗೊತ್ತಾಗುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ನೆಲೆಯಿದೆ. ಮೆಕ್ಕೆಜೋಳದ ಹೊಲಗಳ ನಡುವಿನ ಈ ಊರುಗಳಲ್ಲಿ ಮೊಮೊ, ತುಕ್ಪಾ, ಬೆಣ್ಣೆ ಚಹಾ ದಿನನಿತ್ಯದ್ದು. ಮೊಮೊದ ತೆಳು ಹೊದಿಕೆ ಬಿಸಿಯಲ್ಲಿ ಅರೆಪಾರದರ್ಶಕ, ಆರಿದರೆ ಅಪಾರದರ್ಶಕ ಮತ್ತು ಬಿರುಸು. ತುಕ್ಪಾದ ಎಳೆಗಳು ಸಾರನ್ನು ಹೀರಿ ಉಬ್ಬುತ್ತವೆ, ಬೆಣ್ಣೆ ಚಹಾದ ಮೇಲೆ ಕೆನೆ ಕಟ್ಟುತ್ತದೆ. ಮುದ್ದೆಯಲ್ಲಿ ಕಲಿತ ಆತುರ ಇಲ್ಲೂ ನಡೆಯುತ್ತದೆ. ಲೋಸರ್ ಹಬ್ಬಕ್ಕೆ ಕರಿದು ಜೋಡಿಸುವ ಕಪ್ಸೆಗಳು ಮಾತ್ರ ದಿನಗಟ್ಟಲೆ ಕೆಡದೆ ನಿಲ್ಲುವುದರಿಂದ ನಿಧಾನವಾಗಿ ಚಿತ್ರ ತೆಗೆಯಬಹುದು. ಮಠದ ಅಡುಗೆಮನೆಗೆ ಕ್ಯಾಮೆರಾ ಒಯ್ಯುವ ಮೊದಲು ಅಲ್ಲಿನವರ ಅನುಮತಿ ಕೇಳುವುದು ರೂಢಿ.

ಎಚ್.ಡಿ. ಕೋಟೆ ಈ ಕಸುಬಿನವರನ್ನು ಹೆಚ್ಚು ಅಲೆಸುವ ತಾಲ್ಲೂಕು, ಹೆಚ್ಚು ಕಲಿಸುವುದೂ ಅದೇ. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದಾರೆ. ಮುಂಗಾರಿನಲ್ಲಿ ಅಣಬೆ, ಕಳಲೆ, ಹೊಳೆಯ ಏಡಿ. ಉಳಿದ ಕಾಲದಲ್ಲಿ ಸೊಪ್ಪು, ಕಾಡುಗೆಣಸು, ಜೇನು. ಎಳೆ ಬಿದಿರಾದ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿ, ವಿಷದ ಅಂಶ ಇಳಿದ ಮೇಲೆಯೇ ಅಡುಗೆಗೆ ಬಳಸುವುದು. ಚಿತ್ರಕ್ಕಾಗಿ ಆ ಹಂತ ಹಾರಿಸಿ ಹಸಿ ಕಳಲೆಯನ್ನೇ ಒಲೆಯ ಮೇಲೆ ತೋರಿಸಿದರೆ ನೋಡಿದವರು ಹಾಗೇ ಮಾಡಿ ಅಪಾಯಕ್ಕೆ ಸಿಕ್ಕಬಹುದು. ಅಣಬೆಗೂ ಇದೇ ಮಾತು. ಹಾಡಿಯವರು ಕೈಯಿಟ್ಟದ್ದನ್ನು ಮಾತ್ರ ಬುಟ್ಟಿಗೆ ಹಾಕಬೇಕು.

ಮೈಸೂರು ದಸರಾ ಆಹಾರ ಮೇಳದಲ್ಲಿ ಜನ ಸಾಲುಗಟ್ಟಿ ಕೊಳ್ಳುವ ಬಿದಿರಿನ ಬಿರಿಯಾನಿಯ ಬೇರು ಈ ಕಾಡಂಚಿನಲ್ಲಿದೆ. ಹಸಿ ಬಿದಿರಿನ ಗೆಣ್ಣಿನೊಳಗೆ ಅಕ್ಕಿ, ಮಾಂಸ, ಮಸಾಲೆ ತುಂಬಿ, ಬಾಯಿಗೆ ಎಲೆ ಗಿಡಿದು ಕೆಂಡದ ಮೇಲೆ ಇಡುತ್ತಾರೆ. ಹೊರಮೈ ಕರಕಲಾಗುತ್ತದೆ, ಒಳಗೆ ಬಿದಿರಿನ ತೇವದಲ್ಲಿ ಅನ್ನ ಬೇಯುತ್ತದೆ. ಗೆಣ್ಣು ಸೀಳಿದ ಕ್ಷಣ ಹಬೆ ಒಮ್ಮೆಲೇ ಏಳುತ್ತದೆ. ಅದನ್ನು ಮತ್ತೊಮ್ಮೆ ಸೀಳಿಸಲಾಗದು. ಹೆಜ್ಜೇನು ಇಳಿಸುವುದು ರಾತ್ರಿಯ ಕೆಲಸ, ಹುಲಿ ಮೀಸಲು ಕಾಡಿನ ಒಳಗಿನದು, ಅಲ್ಲಿಗೆ ಹೊರಗಿನ ಕ್ಯಾಮೆರಾ ಹೋಗುವಂತಿಲ್ಲ. ಛಾಯಾಗ್ರಾಹಕರಿಗೆ ಸಿಗುವುದು ಮರುದಿನ ಹಾಡಿಗೆ ಬಂದ ತುಪ್ಪ. ಹಿಂದಿನ ಬೆಳಕಿಗೆ ಹಿಡಿದ ಸೀಸೆಯಲ್ಲಿ ಜೇನಿನ ಬಣ್ಣ ಹೂವಿಗೆ ತಕ್ಕಂತೆ ತೆಳು ಹೊಂಬಣ್ಣದಿಂದ ಕಡುಗಂದಿನವರೆಗೆ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಒಂದೇ ಬಣ್ಣಕ್ಕೆ ತಿದ್ದಿದರೆ ಕೊಳ್ಳುವವರಿಗೂ ಅನ್ಯಾಯ, ಕಾಡಿಗೂ ಅನ್ಯಾಯ. ಮಾನಂದವಾಡಿ ಕಡೆಯ ಕಾಡುದಾರಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಮುಸ್ಸಂಜೆಗೆ ಆನೆಗಳು ರಸ್ತೆಗಿಳಿಯುತ್ತವೆ. ಮಧ್ಯಾಹ್ನ ಊಟವಾದ ಕೂಡಲೇ ಸಾಮಾನು ಕಟ್ಟುವುದು ಇಲ್ಲಿನ ಶಿಸ್ತು.

ಆ ಸಾಮಾನು ಹೆಚ್ಚೇನಲ್ಲ. 50 ಎಂ.ಎಂ. ಒಂದು, ಕಾಳು–ಎಳೆಗಳ ಹತ್ತಿರದ ನೋಟಕ್ಕೆ 100 ಎಂ.ಎಂ. ಮ್ಯಾಕ್ರೊ ಒಂದು, ಟ್ರೈಪಾಡು, ಬಿಳಿ ಮತ್ತು ಕಪ್ಪು ಹಾಳೆ, ಬಣ್ಣ ಸರಿನೋಡಲು ಬೂದು ಕಾರ್ಡು, ತಟ್ಟೆಯ ಅಂಚು ಒರೆಸಲು ಹತ್ತಿ ಬಟ್ಟೆ, ಎಣ್ಣೆ ಸವರಲು ಕುಂಚ. ಹಾಡಿಗಳಲ್ಲಿ ಕರೆಂಟಿನ ಭರವಸೆ ಇಲ್ಲದ್ದರಿಂದ ಹೆಚ್ಚುವರಿ ಬ್ಯಾಟರಿ.

ಸಂಭಾವನೆಯನ್ನು ತಿಂಡಿಯೊಂದಕ್ಕೆ ಇಷ್ಟೆಂದೋ ದಿನಕ್ಕೆ ಇಷ್ಟೆಂದೋ ಮಾತಾಡುತ್ತಾರೆ. ಕಾಗದಪತ್ರದ ಕಡೆ ಗಮನ ಕಡಿಮೆ, ತೊಂದರೆ ಹುಟ್ಟುವುದು ಅಲ್ಲೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಆ ಹಕ್ಕು ಛಾಯಾಗ್ರಾಹಕರ ಜೀವಿತಾವಧಿಯುದ್ದಕ್ಕೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಇರುತ್ತದೆ. ಮೆನುವಿಗೆಂದು ತೆಗೆದ ಚಿತ್ರ ಮುಂದೆ ಮಸಾಲೆ ಪೊಟ್ಟಣದ ಮೇಲೂ ಹೆದ್ದಾರಿಯ ಫಲಕದ ಮೇಲೂ ಬಂದರೆ ಕೇಳುವ ಅಧಿಕಾರ ಛಾಯಾಗ್ರಾಹಕರಿಗೆ ಉಳಿಯಬೇಕಾದರೆ ಯಾವ ಬಳಕೆಗೆ, ಎಷ್ಟು ಕಾಲಕ್ಕೆ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು. ಹಾಡಿಯ ಅಡುಗೆಯವರ ಮುಖವೋ ಕೈಯೋ ಚಿತ್ರದಲ್ಲಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ಚಿತ್ರದಿಂದ ದುಡ್ಡು ಬಂದರೆ ಅವರಿಗೂ ಪಾಲು ಸಲ್ಲಬೇಕು. ಪ್ರತಿ ಚಿತ್ರದ ಜೊತೆಗೆ ಅಡುಗೆಯ ಹೆಸರು, ಊರು, ತಿಂಗಳು, ಬಳಸಿದ ಸೊಪ್ಪು–ಕಾಳುಗಳ ಸ್ಥಳೀಯ ಹೆಸರು ಬರೆದಿಡುವವರ ಸಂಗ್ರಹಗಳು ಪುಸ್ತಕ ಮಾಡುವವರಿಗೂ ಅಡುಗೆ ಕಲಿಯುವವರಿಗೂ ನೇರವಾಗಿ ಒದಗುತ್ತಿವೆ.