ಟ್ಯೂಷನ್‌ಗೆ ಹಾಕುವ ಮುನ್ನ: ಪಾಲಕರಿಗೆ ಒಂದು ಮಾತು

ದಾನಿಗಳು ಕೊಟ್ಟ ವಿದ್ಯಾರ್ಥಿವೇತನದಲ್ಲಿ ಟ್ಯೂಷನ್ ಫೀ ಕಟ್ಟಬಹುದೇ ಎಂದು ಪಾಲಕರು ಕೇಳುತ್ತಾರೆ. ಕಟ್ಟಬಹುದು. ಆದರೆ ಮಗುವಿಗೆ ತೊಡಕು ಎಲ್ಲಿದೆ ಎಂಬುದನ್ನು ಮೊದಲು ನೋಡಿ.

ಔರಾದದ ನಮ್ಮ ಅನೇಕ ಮನೆಗಳಲ್ಲಿ ಮಾತು ದಖನಿ ಉರ್ದು, ಓಣಿಯಲ್ಲಿ ಮರಾಠಿ, ಶಾಲೆಯ ಪುಸ್ತಕ ಕನ್ನಡ. ಗಣಿತದಲ್ಲಿ ಹಿಂದೆ ಬಿದ್ದ ಮಗು ಎಷ್ಟೋ ಸಲ ಎಡವುವುದು ಲೆಕ್ಕದಲ್ಲಲ್ಲ, ಪ್ರಶ್ನೆಯ ಮಾತಿನಲ್ಲಿ. 12ರ ‘ಅಪವರ್ತನ’ಗಳು 1, 2, 3, 4, 6, 12, ‘ಅಪವರ್ತ್ಯ’ಗಳು 12, 24, 36 ಮುಂತಾದವು. ಈ ಎರಡು ಪದಗಳ ಭೇದ ತಿಳಿಯದಿದ್ದರೆ ಮಗ್ಗಿ ಬಾಯಿಪಾಠ ಇದ್ದರೂ ಉತ್ತರ ತಪ್ಪುತ್ತದೆ. ಇಂಥ ಮಗುವಿಗೆ ಮನೆಮಾತಿನಲ್ಲಿ ಬಿಡಿಸಿ ಹೇಳಿ, ಮತ್ತೆ ಕನ್ನಡದಲ್ಲೇ ಬರೆಸುವವರು ಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉರ್ದು, ಮರಾಠಿ ಮಾಧ್ಯಮದ ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ. ಎರಡನ್ನೂ ಎದುರಿಗಿಟ್ಟು ಕಲಿಸುತ್ತೀರಾ ಎಂದು ಕೇಳಿ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿರುವ ಓಣಿಯ ಹುಡುಗಿಯೊಬ್ಬಳು ಈ ಕೆಲಸ ಚೆನ್ನಾಗಿ ಮಾಡಬಲ್ಲಳು. ಶಾಲೆಯ ಮಾಸ್ತರರನ್ನು ಒತ್ತಾಯಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಅವರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ.

ಮುಂಗಡವಾಗಿ ಒಂದು ತಿಂಗಳ ಫೀ ಸಾಕು. ತಿಂಗಳ ಕೊನೆಗೆ, ನಿಮಗೆ ಕನ್ನಡ ಓದಲು ಬಾರದಿದ್ದರೂ, ಬಿಡಿಸಿದ ಒಂದು ಲೆಕ್ಕವನ್ನು ಮಗುವಿನಿಂದ ಮನೆಮಾತಿನಲ್ಲಿ ಹೇಳಿಸಿ. ನೋಟ್‌ಬುಕ್ಕಿನಲ್ಲಿ ಒಂದು ತಪ್ಪೂ ಇಲ್ಲವೆಂದು ಸಂತೋಷಪಡಬೇಡಿ, ಬೋರ್ಡ್ ನೋಡಿ ನಕಲು ಮಾಡಿದ್ದಿರಬಹುದು. ತಪ್ಪು ತಿದ್ದಿ, ಅದೇ ಲೆಕ್ಕವನ್ನು ಮತ್ತೆ ಮಾಡಿಸಿದ ಗುರುತು ಇರಬೇಕು. ಪಾಠವಂತೂ ಮನೆಯ ಹಿರಿಯರ ಕಣ್ಣೆದುರೇ ನಡೆಯಲಿ.

ಮುಂದಿನ ಅರ್ಜಿಯೊಂದಿಗೆ ಆ ನೋಟ್‌ಬುಕ್ ತನ್ನಿ. ಅಂಕಪಟ್ಟಿಗಿಂತ ಮೊದಲು ಅದನ್ನು ನೋಡುತ್ತೇವೆ.